ಏಳನೆಯ ಪ್ರಶ್ನೆಗೆ ಪರಮೇಶನ ಉತ್ತರ

1.
ಈ ಕಥೆಯನ್ನು ಎದೆ ನಿಂತಲ್ಲಿಂದ ಶುರು ಮಾಡಲೋ, ಮಗ್ಗ ನಿಂತಲ್ಲಿಂದಲೋ? ಎರಡರ ನಡುವೆ ಇದ್ದದ್ದು ಮೂರೇ ನಿಮಿಷ.

"ನಿಂತಲ್ಲಿಂದ ಯಾಕ್ರಿ? ನಡದಲ್ಲಿಂದ ಶುರು ಮಾಡ್ರಿ," ಅಂದವಳು ಸೋಮವ್ವ. ನಿಂತದ್ದು ಅವಳ ಗಂಡ ಕಾಮಣ್ಣನ ಎದೆ. ಆದ್ದರಿಂದ ಅವಳ ಮಾತು ಮೀರುವ ಧೈರ್ಯ ನನಗಿಲ್ಲ.

2.
ಡಾ. ಸುಹಾಸಿನಿ ಜಮಖಂಡಿಯವರು. ಎದೆಬಡಿತ ನಿಂತವರನ್ನು ಆಸ್ಪತ್ರೆ ಮುಟ್ಟುವ ತನಕ ಸುತ್ತಲಿನವರು ಹೇಗೆ ಉಳಿಸಿಕೊಳ್ಳಬಹುದು ಎನ್ನುವುದು ಅವರ ಸಂಶೋಧನೆ. ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿಗೆ ರಬ್ಬರ್ ಗೊಂಬೆ ಹೊತ್ತು ತಂದರು. ಬರಿಮೈ ಗೊಂಬೆಯನ್ನು ಮುಟ್ಟಲು ಹೆಂಗಸರು ನಾಚಿದರು. ಸೋಮವ್ವ ಅದರ ಸೊಂಟಕ್ಕೊಂದು ಟವೆಲ್ ಸುತ್ತಿ, "ಈಗ ಮರ್ಯಾದಸ್ಥ ಆದ, ಒತ್ರೆವ್ವಾ," ಅಂದಳು.

ಗೊಂಬೆಯ ಎದೆಯನ್ನು ನಿಮಿಷಕ್ಕೆ ನೂರಾ ಹತ್ತು ಸಲ ಒತ್ತಬೇಕು. ಎಣಿಸುತ್ತ ಎಲ್ಲರೂ ತಪ್ಪಿದರು. ಆಗ ಡಾಕ್ಟರ ಕಿವಿಗೆ ಮಗ್ಗದ ಖಟಕ್, ಖಟಕ್ ಬಿತ್ತು. ಫೋನ್ ಹಿಡಿದು ಅಳೆದರು: ಸರಿಯಾಗಿ ನೂರಾ ಹತ್ತು!

"ಎಣಸಬ್ಯಾಡ್ರಿ, ಮಗ್ಗದ ಸಪ್ಪಳಕ್ಕ ಒತ್ರಿ!"

ಆಮೇಲೆ ಒಬ್ಬರೂ ತಪ್ಪಲಿಲ್ಲ. ಡಾಕ್ಟರು ಅಲ್ಲೇ, ಮಗ್ಗದ ಸಪ್ಪಳವನ್ನೇ ಹಿಡಿದು, ತಮ್ಮ ಸಂಶೋಧನಾ ಪೇಪರಿಗೆ ಶೀರ್ಷಿಕೆಯನ್ನೂ ಬರೆದಿಟ್ಟರು.

3.
(ಇಲ್ಲೊಂದು ಪ್ಯಾರಾ ಹೊಡೆದು ಹಾಕಿದ್ದೇನೆ. ವ್ಯವಸ್ಥೆಯ ಮೇಲೆ ಭಾಷಣ. ನಮ್ಮ ಓದಿನ ಬಳಗದಲ್ಲಿ ಚಪ್ಪಾಳೆ ಗ್ಯಾರಂಟಿ. ಆದರೆ ಅದು ಮುಗಿಯುವಷ್ಟರಲ್ಲಿ ಕಾಮಣ್ಣನೂ ಮುಗಿದಿರುತ್ತಾನೆ.)

4.
ಮೂರು ವಾರದ ಮೇಲೆ, ಮಧ್ಯಾಹ್ನ, ಕಾಮಣ್ಣ ಮಗ್ಗದ ಮುಂದೆ ಕುಸಿದ. ಉಸಿರಿಲ್ಲ. ಪಕ್ಕದ ಮಗ್ಗದ ಪರಮೇಶ ಕಲಿತಂತೆಯೇ ಮೊಣಕಾಲೂರಿ ಒತ್ತತೊಡಗಿದ. ಖಟಕ್, ಖಟಕ್. ಒಂದು ಒತ್ತೂ ಆಚೀಚೆ ಇಲ್ಲ. ಸೋಮವ್ವ ಫೋನ್ ಮಾಡಿದಳು. ಆ್ಯಂಬುಲೆನ್ಸ್ ಚಿಮ್ಮಡದ ಬಳಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ಅವುಗಳ ಸ್ಪೀಕರಿನ ಹಾಡು ಕೇಳುತ್ತ ನಿಂತಿತ್ತು.

ಮೂರನೆಯ ನಿಮಿಷಕ್ಕೆ ಕರೆಂಟ್ ಹೋಯಿತು.

ಮಗ್ಗಗಳು ನಿಂತವು. ಪರಮೇಶನ ಕೈಗಳೂ ನಿಂತವು. ಇಪ್ಪತ್ತು ವರ್ಷದ ರೂಢಿ: ಕರೆಂಟ್ ಹೋದರೆ ಕೈ ಎತ್ತಬೇಕು, ಬೆನ್ನು ನೆಟ್ಟಗೆ ಮಾಡಬೇಕು, ಚಹಾ ಹೇಳಬೇಕು. ಅವನು ಕೈ ಎತ್ತಿದ. ಬೆನ್ನು ನೆಟ್ಟಗೆ ಮಾಡಿದ.

(ಚಹಾ ಹೇಳಿದ ಎಂದೂ ಬರೆದಿದ್ದೆ. "ಅದೊಂದು ಸುಳ್ಳರಿ, ತಗೀರಿ," ಅಂದ ಪರಮೇಶ. ತೆಗೆದಿದ್ದೇನೆ.)

"ಯಾಕಲೇ ನಿಂತಿ?" ಸೋಮವ್ವ ಚೀರಿದಳು.

"ಕರೆಂಟ್ ಹೋತಲ್ರಿ ವೈನಿ."

"ಮಗ್ಗಕ್ಕ ಹೋಗೈತೋ, ನಿಮ್ಮಣ್ಣಗ ಹೋಗಿಲ್ಲೋ! ಸರಿ ಆಕಡೆ!"

ಅವನನ್ನು ನೂಕಿ ತಾನೇ ಕುಳಿತಳು. ಬಾಯಲ್ಲೇ ಮಗ್ಗ ಓಡಿಸಿದಳು: ಖಟಕ್, ಖಟಕ್. ಇಡೀ ಶೆಡ್ಡು ದನಿ ಕೂಡಿಸಿತು. ಪರಮೇಶನದೇ ಎಲ್ಲರಿಗಿಂತ ಜೋರು.

5.
ನಡೆದದ್ದನ್ನು ದಾಖಲಿಸಲು ಸುಹಾಸಿನಿಯವರು ಆಮೇಲೆ ತಂದ ಫಾರ್ಮಿನ ಏಳನೆಯ ಪ್ರಶ್ನೆ: ಒತ್ತುವುದನ್ನು ನಿಲ್ಲಿಸಿದ್ದು ಯಾಕೆ? ದಣಿವು, ಹೆದರಿಕೆ, ಇತರೆ. 'ಇತರೆ'ಯ ಮುಂದೆ ಪರಮೇಶ ದುಂಡಗೆ ಬರೆದ: ಕರೆಂಟ್.

ಡಾಕ್ಟರು ತಮ್ಮ ಪೇಪರಿನ ಶೀರ್ಷಿಕೆ ಹೊಡೆದು ಹಾಕಿದರು. "ತಪ್ಪು ನಂದಽ ಪರಮೇಶ. ಮಗ್ಗ ನಿಂತ್ರ ಏನ್ ಮಾಡಬೇಕಂತ ನಾ ಹೇಳೇ ಇಲ್ಲ."

ಎಂಟನೆಯ ಪ್ರಶ್ನೆ: ಬದುಕಿದರೇ? ಅದನ್ನು ಕಥೆ ಬರೆಯುವ ನನಗೆ ಬಿಟ್ಟಿದ್ದಾರೆ.

6.
ಮುಕ್ತಾಯ ಅ: ಕಾಮಣ್ಣ ಸಾಯುತ್ತಾನೆ. ಪ್ರತಿಭಟನೆಯ ಕಥೆಗೊಂದು ಹೆಣ ಬೇಕು. ಹೆಣದ ಪಕ್ಕದಲ್ಲಿ ನನ್ನ ಸಿಟ್ಟು ಚೆಂದ ಕಾಣುತ್ತದೆ.

"ಅಣ್ಣಾರ, ನಿಮ್ಮ ಸಿಟ್ಟಿಗೆ ನನ್ನ ಗಂಡನ್ನ ಯಾಕ ಕೊಲ್ತೀರಿ? ಅಷ್ಟ ಸಿಟ್ಟ ಬಂದ್ರ ಹೋಗಿ ಟ್ರ್ಯಾಕ್ಟರ್ ಮುಂದ ಕುಂದರ್ರಿ."

ಮುಕ್ತಾಯ ಆ: ಕಾಮಣ್ಣ ಕಣ್ಣು ಬಿಟ್ಟು, "ಕರೆಂಟ್ ಬಂತೇನು?" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಕರೆಂಟ್ ತೆಗೆದವರು, ಆ್ಯಂಬುಲೆನ್ಸಿಗೆ ದಾರಿ ಬಿಡದವರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಅವರಿಗೆ ಈ ನಗೆಯನ್ನು ಪುಕ್ಕಟೆ ಕೊಡಲು ನಾನು ತಯಾರಿಲ್ಲ.

"ಕೊಡ್ರಿ, ನಕ್ಕರ ನಗಲಿ," ಅಂದಳು ಸೋಮವ್ವ, ಒತ್ತುತ್ತಲೇ. "ನನಗ ಗಂಡ ಬೇಕು."

7.
ಮೂರನೆಯ ಮುಕ್ತಾಯ ಹೊಳೆಯಲಿಲ್ಲ. ಪೆನ್ನು ಎತ್ತಿದೆ.

"ಯಾಕ ನಿಂತ್ರಿ?"

"ಕಥಿ ಮುಗೀತಲ್ಲ ತಂಗಿ."

"ಕಥಿ ಮುಗದಿರಬೇಕು, ಆ್ಯಂಬುಲೆನ್ಸ್ ಇನ್ನೂ ಚಿಮ್ಮಡದಾಗ ಐತಿ! ನನ್ನ ರಟ್ಟಿ ಸೋತಾವ್ರಿ. ಎರಡ ನಿಮಿಷಕ್ಕೊಮ್ಮೆ ಒತ್ತೋ ಆಳು ಬದಲಿ ಆಗಬೇಕಂತ ಡಾಕ್ಟರಬಾಯಾರು ಹೇಳ್ಯಾರ. ಅಲ್ಲೊಬ್ರು ಸುಮ್ಮನ ಓದಕೋತ ಕುಂತಾರಲ್ಲ, ಅವರನ್ನ ಕರೀರಿ."

ಓದುಗರೇ, ನಿಮ್ಮನ್ನೇ. ಮೊಣಕಾಲೂರಿ. ಅಂಗೈ ಮೇಲೆ ಅಂಗೈ. ಕರೆಂಟಿನ ದಾರಿ ಕಾಯಬೇಡಿ, ಸಪ್ಪಳ ನಾವು ಮಾಡುತ್ತೇವೆ: ಖಟಕ್, ಖಟಕ್, ಖಟಕ್,