ಬೆಳ್ಳಗಿರೋದೆಲ್ಲ ತೇಲೋದಿಲ್ಲ

"ಕೈ ತೆಗೀರಿ ಭಾವ! ಆ ಕಸಾನ ನನ್ನ ದೋಣಿಯೊಳಗೆ ತುರುಕಿದ್ರೆ ನಾನು ಸುಮ್ಮನಿರೋಳಲ್ಲ!"

ದೋಣಿ ನಡೆಸುವವಳ ಕೂಗಿಗೆ ಶೆಡ್ಡಿನ ತಗಡೇ ನಡುಗಿತು. ದೋಣಿಯ ಹಿಂದಿನ ಸೀಟು ಬಿಚ್ಚಿತ್ತು. ಅವಳ ಗಂಡನ ಅಣ್ಣ, ಊರಿನ ದೋಣಿಗಳಿಗೆಲ್ಲ ತೇಪೆ ಹಾಕುವವನು, ನೀರು ನುಗ್ಗಿದರೂ ದೋಣಿ ತೇಲಲೆಂದು ಫ್ರಿಜ್ಜಿನ ಡಬ್ಬದಲ್ಲಿ ಬಂದ ಥರ್ಮಾಕೋಲ್ ಮುರಿದು ಸೀಟಿನಡಿಯ ಗೂಡಿಗೆ ತುಂಬುತ್ತಿದ್ದ.

"ಕಸವಂತೆ! ನೀನು ಈ ಮನೆಗೆ ಕಾಲಿಡೋಕೆ ಮುಂಚಿಂದ ಈ ಕೆಲಸ ಮಾಡ್ತಿದೀನಿ. ಇದು ನೀರಲ್ಲಿ ತೇಲುತ್ತೋ ಇಲ್ವೋ?"

"ತೇಲುತ್ತೆ. ಸೌತೆಕಾಯಿನೂ ತೇಲುತ್ತೆ, ಅದನ್ನೂ ತುಂಬಿಬಿಡಿ!"

ನೆಲದ ಮೇಲೆ ಬಿದ್ದಿತ್ತು, ಹೋದ ಸಲ ಇದೇ ಭಾವ ತುಂಬಿದ್ದ ಹಾಸಿಗೆಯ ಸ್ಪಂಜು. ಹಿಂಡಿದಷ್ಟೂ ಹೊಲಸು ನೀರು. ಮೊನ್ನೆ ನಡುಹೊಳೆಯಲ್ಲಿ ಅಲೆ ನುಗ್ಗಿದಾಗ ದೋಣಿಯ ಹಿಂಭಾಗವನ್ನು ಕೆಳಗೆಳೆದದ್ದು ಈ ಭಾರವೇ. ಮಗಳು ಕೂತಿದ್ದೂ ಆ ಸೀಟಿನ ಮೇಲೆಯೇ. ಹೇಗೋ ದಡ ಸೇರಿದ್ದರು. ಶಾಲೆ ಹೊಳೆಯಾಚೆಗೆ. ಇನ್ನು ಮುಂದೆಯೂ ಹುಡುಗಿ ಕೂರಬೇಕಾದ್ದು ಅಲ್ಲೇ.

"ಅಣ್ಣ ಮನೆಯವನೇ ಅಲ್ವೇನೇ? ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ..." ಗಂಡ ನಡುವೆ ಬಾಯಿ ಹಾಕಿದ.

"ನಿಮಗೆ ಕೋಲಿನ ಚಿಂತೆ. ನನಗೆ ಮಗಳ ಚಿಂತೆ ರೀ!"

ಅಷ್ಟರಲ್ಲಿ ಅವಳೇ ಹೇಳಿಕಳಿಸಿದ್ದ ಗೆಳತಿ ಬಂದಳು. ದೋಣಿ ಕಟ್ಟುವ ಕಾರ್ಖಾನೆಯಲ್ಲಿ ರೆಸಿನ್ ಎಂಬ ಅಂಟು ಕಲಸುವವಳು. ಕೈಗೆ ಸದಾ ಅಂಟು ಮೆತ್ತಿರುತ್ತಿದ್ದರಿಂದ ಎಲ್ಲರಿಗೂ ಅಂಟಕ್ಕ. ಕಂಕುಳಲ್ಲಿ ಹಳದಿ ಫೋಮಿನ ತುಂಡೊಂದಿತ್ತು.

ಅಂಟಕ್ಕ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಸ್ಟೀಲ್ ಬಟ್ಟಲಿಗೆ ಒಂದಿಷ್ಟು ಪೆಟ್ರೋಲ್ ಸುರಿದು, ಭಾವನ ಥರ್ಮಾಕೋಲ್ ಚೂರು ಹಾಕಿದಳು. ಕಣ್ಣೆದುರೇ ಅದು ಕುಗ್ಗಿ, ಕರಗಿ, ತಳದಲ್ಲಿ ಸಿಂಬಳದಂತೆ ಅಂಟಿಕೊಂಡಿತು. ಹಳದಿ ಫೋಮಿನ ಚೂರು ಮಾತ್ರ ಹಾಕಿದ ಹಾಗೇ ಇತ್ತು.

"ಪೆಟ್ರೋಲ್ ಡಬ್ಬ ಇಡೋದು ಆ ಸೀಟಿನ ಪಕ್ಕದಲ್ಲೇ ತಾನೆ? ಸೋರಿದ್ರೆ ಇದೇ ಗತಿ. ನೀವು ಮೇಲೆ ಬಳಿಯೋ ರೆಸಿನ್ನೂ ಥರ್ಮಾಕೋಲನ್ನ ಹೀಗೇ ತಿನ್ನುತ್ತೆ. ನೋಡೋಕೆ ಗಟ್ಟಿ ಸೀಟು, ಒಳಗೆ ಟೊಳ್ಳು. ಸ್ಪಂಜಿನ ಗುಳ್ಳೆಗಳು ಬಾಯಿ ತೆರಕೊಂಡಿರ್ತವೆ, ನೀರು ಕುಡೀತವೆ. ಈ ಹಳದಿ ಫೋಮಿನ ಗುಳ್ಳೆಗಳು ಬಾಯಿ ಮುಚ್ಚಿಕೊಂಡಿರ್ತವೆ. ಇದಕ್ಕೆ ಕ್ಲೋಸ್ಡ್ ಸೆಲ್ ಫೋಮ್ ಅಂತಾರೆ. ನಿನ್ನೆಯಿಂದ ಕಲ್ಲು ಕಟ್ಟಿ ನೀರಲ್ಲಿ ಮುಳುಗಿಸಿಟ್ಟಿದ್ದೆ. ಕೊಯ್ದು ನೋಡಿ."

ಗಂಡ ಚಾಕು ತಗೊಂಡು ಕೊಯ್ದ. ಒಳಭಾಗವನ್ನು ಕೆನ್ನೆಗೆ ಒತ್ತಿಕೊಂಡ. ಒಂದಿಷ್ಟೂ ಒದ್ದೆಯಿರಲಿಲ್ಲ.

"ಬಾಯಿ ಮುಚ್ಚಿಕೊಂಡಿರುತ್ತಂತೆ," ಎಂದ ಭಾವ ತಮ್ಮನ ಹೆಂಡತಿಯತ್ತ ತಿರುಗಿ. "ಅದನ್ನ ನೋಡಿ ನೀನೂ ಕಲಿ."

"ಮುಚ್ಚಲ್ಲ ಭಾವ. ಮುಳುಗುವಾಗ ಬಾಯಿ ಬಿಡೋದಕ್ಕಿಂತ ಈಗ ಬಿಡೋದೇ ಮೇಲು!"

ಗಂಡ ಚಾಕು ಕೆಳಗಿಟ್ಟ. ಶೆಡ್ಡಿಗೆ ಹೋಗಿ, ಗೂಡಿನೊಳಗಿಂದ ಥರ್ಮಾಕೋಲನ್ನೆಲ್ಲ ಎಳೆದೆಳೆದು ಹೊರಗೆ ಹಾಕಿದ. "ಅಣ್ಣಾ, ಇದು ಬೇಡ. ಅಂಟಕ್ಕನ ಫೋಮನ್ನ ನೀನೇ ಕೂರಿಸಿಕೊಡು."

"ಹೆಂಗಸರು ನನಗೆ ಕೆಲಸ ಕಲಿಸೋ ಹಾಗಾಯ್ತಾ? ಇನ್ನು ಈ ಅಂಗಳಕ್ಕೆ ಕಾಲಿಟ್ರೆ ಕೇಳು!" ಭಾವ ಉಳಿ-ಸುತ್ತಿಗೆಯ ಚೀಲ ಹೆಗಲಿಗೆಸೆದು ನಡೆದೇಬಿಟ್ಟ.

"ಕರೀಲೇನೇ?"

"ಕರೀರಿ. ಥರ್ಮಾಕೋಲ್ ಬಿಟ್ಟು ಬರೋದಾದ್ರೆ ಬರ್ಲಿ."

ಗಂಡ ಬೀದಿಯ ತಿರುವಿನವರೆಗೂ ಹೋಗಿ ಕರೆದ. ಭಾವ ತಿರುಗಿ ನೋಡಲಿಲ್ಲ. ಆಮೇಲೂ ಬರಲಿಲ್ಲ. ಬೇಕಾದಷ್ಟು ಫೋಮನ್ನು ಅಂಟಕ್ಕನೇ ತಂದು ಕೂರಿಸಿ ಸೀಟು ಮುಚ್ಚಿದಳು.

ದೋಣಿ ಇರುವವರೇ, ನಿಮ್ಮ ಸೀಟಿನಡಿಯಲ್ಲಿ ಏನಿದೆ? ಇವತ್ತೇ ಬಿಚ್ಚಿ ನೋಡಿ. ಒದ್ದೆ ಸ್ಪಂಜಿದ್ದರೆ, ಥರ್ಮಾಕೋಲಿದ್ದರೆ ಕಿತ್ತು ಹಾಕಿ. ಅಂಗಡಿಯಲ್ಲಿ ದೋಣಿಗೆಂದೇ ಇರುವ ಕ್ಲೋಸ್ಡ್ ಸೆಲ್ ಫೋಮ್ ಕೇಳಿ. ನೀರು ಕುಡಿಯುತ್ತಾ, ಪೆಟ್ರೋಲಿಗೆ ಕರಗುತ್ತಾ ಅಂತ ಪರೀಕ್ಷೆ ಮಾಡಿಯೇ ಹಾಕಿಸಿ. ಪೆಟ್ರೋಲಿನ ಪರೀಕ್ಷೆ ಬಯಲಲ್ಲಿ ಮಾಡಿ, ಬೆಂಕಿ-ಬೀಡಿ ದೂರವಿರಲಿ. ರಿಪೇರಿಯವನು ಅಣ್ಣನಾಗಲಿ, ಮಾವನಾಗಲಿ, ದಾಕ್ಷಿಣ್ಯ ಬೇಡ. ಮುನಿದು ಹೋದವರು ಎಂದಾದರೂ ಬಂದಾರು, ಬಾರದೆಯೂ ಇದ್ದಾರು. ಹೊಳೆ ನುಂಗಿದವರು ಮಾತ್ರ ಬರುವುದೇ ಇಲ್ಲ.