ಭಾನುವಾರ ಆರಿಸಿಟ್ಟ ಸರ್ವರ್

ಭಾನುವಾರ ಹನ್ನೊಂದು ಗಂಟೆಗೆ ಅವಳು ಅಣ್ಣನ ಮನೆಗೆ ಹೋದಾಗ ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದಳು.

"ಅಣ್ಣ ಎಲ್ಲಿ ಅತ್ತಿಗೆ?"

"ಇನ್ನೆಲ್ಲಿ? ನಿಮ್ಮ ಕೇಂದ್ರಕ್ಕೇ. ಗುರುವಾರ ಬರಬೇಕಿದ್ದ ಟ್ಯಾಂಕರ್ ನಿನ್ನೆ ಸಂಜೆ ಬಂತಂತೆ. ನಾಳೆವರೆಗೆ ಬಿಟ್ರೆ ಕ್ಯಾನು ಖಾಲಿಯಾಗುತ್ತೆ ಅಂತ ಹೊರಟ್ರು. ನನ್ನ ಮೇಲಿಲ್ಲದ ಅಕ್ಕರೆ ಆ ಹೋರಿಗಳ ಮೇಲೆ!"

ಅತ್ತಿಗೆ ನಕ್ಕಳು. ಇವಳು ನಗದೆ ಅಣ್ಣನ ನಂಬರ್ ಒತ್ತಿದಳು.

ಹೋರಿಗಳ ವೀರ್ಯವನ್ನು ದ್ರವ ಸಾರಜನಕದಲ್ಲಿ ಕಾಯ್ದಿಡುವ ಆ ಕೇಂದ್ರದಲ್ಲಿ ಅಣ್ಣ ಕ್ಯಾನು ತುಂಬುವವನು. ಅವಳು ಕಂಪ್ಯೂಟರ್ ನೋಡಿಕೊಳ್ಳುವವಳು. ತುಂಬುವಾಗ ಒಂದು ಲೀಟರ್ ಸಾರಜನಕ ಆವಿಯಾದರೆ ಸುಮಾರು ಏಳುನೂರು ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರದಬ್ಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರುಗಟ್ಟಿದ ಅರಿವೂ ಇಲ್ಲ. ಆಮ್ಲಜನಕ ಇಳಿದ ಕೂಡಲೇ ಫ್ಯಾನ್ ತಿರುಗಿಸಿ ಸೈರನ್ ಕೂಗಿಸುವುದು ಸರ್ವರ್. "ರಜೆ ದಿನ ಅದು ಯಾರ ಉದ್ಧಾರಕ್ಕೆ ಓಡ್ಬೇಕಮ್ಮ?" ಎಂದು ಮೇಲಧಿಕಾರಿ ಕೇಳಿದ್ದಕ್ಕೆ, ಶನಿವಾರ ಸಂಜೆ ಆರಕ್ಕೆ ತಾನಾಗಿ ಆಫ್ ಆಗಿ ಸೋಮವಾರ ಬೆಳಿಗ್ಗೆ ಆರಕ್ಕೆ ತಾನಾಗಿ ಆನ್ ಆಗುವಂತೆ ಅವಳು ಅದಕ್ಕೆ ವೇಳೆ ಗೊತ್ತುಮಾಡಿದ್ದಳು. ಕ್ಯಾನು ತುಂಬುವುದು ಗುರುವಾರ ಮಾತ್ರ ತಾನೇ ಎಂಬ ಭರವಸೆ. ಈ ವಾರವೇ ಮೊದಲು. ಅಣ್ಣನಿಗೆ ಹೇಳಿರಲಿಲ್ಲ.

ಅದಕ್ಕಿಂತ ಕೆಟ್ಟದ್ದೊಂದಿತ್ತು. ಸರ್ವರ್ ಆರಿದರೂ ಬಾಗಿಲ ಮೇಲೆ ಆಮ್ಲಜನಕ ತೋರಿಸುವ ಫಲಕ ಕೊನೆಯ ಅಂಕಿಯನ್ನೇ ಹಿಡಿದು ನಿಲ್ಲುತ್ತದೆ: ಶೇಕಡ 20.9, ಹಸಿರು. ಅಣ್ಣ ಅದನ್ನು ನಂಬಿಯೇ ಒಳಗೆ ಹೋಗುವವನು.

ಫೋನ್ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಸ್ಕೂಟರ್ ಓಡಿಸುವಾಗ, ಬೇಡವೆಂದರೂ ಮನಸ್ಸು ಲೆಕ್ಕ ಹಾಕಿತು. ಅಷ್ಟು ಚಿಕ್ಕ ಕೋಣೆ. ಮೂವತ್ತು ಲೀಟರ್ ಆವಿಯಾದರೆ ಆಮ್ಲಜನಕ ಶೇಕಡ ಹನ್ನೆರಡಕ್ಕೆ ಇಳಿಯುತ್ತದೆ. ಹತ್ತರ ಕೆಳಗೆ ಎಚ್ಚರ ತಪ್ಪುತ್ತದೆ. ಅವನು ಹೋಗಿ ಎಷ್ಟು ಹೊತ್ತಾಯಿತು ಎಂದು ಕೇಳಲೂ ಇಲ್ಲವಲ್ಲ!

ಕೋಣೆಯ ಹೊರಗಿನ ಮೇಜಿನ ಮೇಲೆ ಅವನ ಫೋನಿತ್ತು. ಬಾಗಿಲ ಗಾಜಿನಾಚೆ ಮೊಣಕಾಲೆತ್ತರದ ಬಿಳಿ ಮಂಜು. ಅದರೊಳಗೆ ಅಣ್ಣ ಕ್ಯಾನಿಗೆ ಒರಗಿ ನೆಲದ ಮೇಲೆ ಕೂತಿದ್ದ. ಪೈಪು ಬುಸುಗುಟ್ಟುತ್ತಿತ್ತು. ಬಾಗಿಲನ್ನು ಹಾರುಹೊಡೆದು ಅವಳು ಹೊಸ್ತಿಲಲ್ಲೇ ನಿಂತಳು. ಇಂಥ ಕೋಣೆಯಲ್ಲಿ ಬಿದ್ದವನನ್ನು ಎತ್ತಲು ಹೋದವನೇ ಎರಡನೆಯ ಹೆಣ. ಸರ್ವರ್ ಆನ್ ಮಾಡಿದರೆ ಅದು ಏಳಲು ನಾಲ್ಕು ನಿಮಿಷ.

"ಅಣ್ಣಾ, ಆಚೆ ಬಾ!"

ಅಣ್ಣ ನಕ್ಕ. "ನೀನೇ ಬಾರೇ... ತಣ್ಣಗಿದೆ. ಯಾಕೆ ಕೋತಿ ಥರ ಮುಖ ಮಾಡ್ಕೊಂಡಿದ್ದೀಯ?"

ನಾಲಿಗೆ ತೊದಲುತ್ತಿತ್ತು. ಮೆದುಳಿಗೆ ಆಮ್ಲಜನಕ ಸಾಲದಾದಾಗ ಕೆಲವರು ಹೀಗೇ ನಗುತ್ತಾರೆಂದು ಅವಳು ಓದಿದ್ದಳು. ಈಗ ಬೈದರೂ ನಗುತ್ತಾನೆ, ಅತ್ತರೂ ನಗುತ್ತಾನೆ.

ಅವಳು ಹೊಸ್ತಿಲ ಹೊರಗೆ ದೊಪ್ಪನೆ ಕುಸಿದು ಕಿರುಚಿದಳು: "ಅಣ್ಣಾ, ಕಾಲು ಮುರೀತು! ಎತ್ಕೋ ನನ್ನ!"

ನಗು ನಿಂತಿತು. "ಎಲ್ಲಿ... ಎಲ್ಲಿ ಬಿದ್ಯೇ?" ಎನ್ನುತ್ತ ಅವನು ಅಂಬೆಗಾಲಿಕ್ಕಿದ. ಒಮ್ಮೆ ಮುಗ್ಗರಿಸಿ ಮಂಜಿನಲ್ಲಿ ಕಾಣೆಯಾದ. ಮತ್ತೆ ಕೈಯೊಂದು ಹೊಸ್ತಿಲು ಮುಟ್ಟಿತು. ಅವಳು ಉಸಿರು ಬಿಗಿಹಿಡಿದು, ಕಾಲರಿಗೆ ಕೈಹಾಕಿ, ದರದರ ಅಂಗಳಕ್ಕೆ ಎಳೆದೊಯ್ದಳು.

ತುಟಿಯ ನೀಲಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಎಚ್ಚರ ತಿಳಿದವನೇ ಅವನು ಅವಳ ಕಾಲು ತಡವಿದ.

"ಎಲ್ಲೇ ಮುರಿದಿರೋದು?"

"ಮುರಿದಿಲ್ಲ."

"ಮತ್ತೆ? ಸೈರನ್ ಯಾಕೆ ಕೂಗ್ಲಿಲ್ಲ?"

"ಸರ್ವರ್ ಆಫ್ ಆಗೋ ಹಾಗೆ ನಾನೇ ಮಾಡಿಟ್ಟಿದ್ದೆ ಅಣ್ಣ. ನಿನಗೆ ಹೇಳಿರ್ಲಿಲ್ಲ."

ಅಣ್ಣ ಅವಳ ಕಾಲಿನ ಮೇಲಿಂದ ಕೈ ತೆಗೆದ.