ಮೆಟ್ಟಿಲ ಸೀನಿನ ಪಿಟೀಲು

ಲತಾಮಣಿ ಪಿಟೀಲು ನುಡಿಸಿದ ಸಸ್ಪೆನ್ಸ್ ಸಿನಿಮಾ ಕನಕಪುರದ ಟಾಕೀಸಿಗೆ ಬಂದ ಮೇಲಿನ ಮೊದಲ ಭಾನುವಾರ ಇಡೀ ಮನೆಯೇ ಮ್ಯಾಟಿನಿಗೆ ಹೊರಟು ನಿಂತಿತು. ನುಡಿಸಿದ್ದಳು ಎಂದರೆ ಅವಳೊಬ್ಬಳೇ ಅಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಹಾಲ್ ತುಂಬ ಪಿಟೀಲಿನವರು, ಅವರ ಹಿಂದೆ ಕೊಳಲು, ಕಹಳೆ, ಡ್ರಮ್ಮು. ಕೀಬೋರ್ಡೊಂದರಲ್ಲೇ ಎಲ್ಲ ಮುಗಿಸುವ ಕಾಲದಲ್ಲಿ ಆ ಸಂಗೀತ ನಿರ್ದೇಶಕರು ಮಾತ್ರ, ಮನುಷ್ಯರು ಕೂತು ನುಡಿಸಿದರೇ ಭಯ ಹುಟ್ಟುವುದು ಎಂದು ಹಟ ಹಿಡಿದಿದ್ದರಂತೆ. ಕೊನೇ ಗಳಿಗೆಯಲ್ಲಿ ಪಿಟೀಲಿನವರಿಬ್ಬರು ಜ್ವರ ಬಂದು ಮಲಗಿದ್ದರಿಂದ, ಹಿಂದೆ ಸಂಗೀತ ಪರೀಕ್ಷೆಯಲ್ಲಿ ಪರಿಚಯವಾಗಿದ್ದ ಗೆಳತಿಯೊಬ್ಬಳು ಲತಾಮಣಿಗೆ ಫೋನ್ ಮಾಡಿದ್ದಳು. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವಳು ಮೊದಲ ಸಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅವರ ಪಾಶ್ಚಾತ್ಯ ನೊಟೇಶನ್ ಓದಲು ಬಾರದೆ, ಪಕ್ಕದವರನ್ನು ಕೇಳಿ ಕೇಳಿ ಸರಿಗಮದಲ್ಲಿ ಬರೆದುಕೊಂಡು ನುಡಿಸಿ ಬಂದಿದ್ದಳು.

ಗಂಡ ಮಹೇಂದ್ರ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸಕ್ಕಿದ್ದ. ಅತ್ತೆ ಕೆಂಚಮ್ಮ ಟಾಕೀಸಿನ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಅವಳ ಜೊತೆಗೆ ಪಕ್ಕದ ಮನೆಯ ಅಕ್ಬರಿ ಬೇಗಂ, ಕೆಂಚಮ್ಮನ ಬಾಯಲ್ಲಿ ಬೂವಮ್ಮ. ಆಕೆಯ ತಮ್ಮ ಮಕ್ಬೂಲನೇ ಆ ಟಾಕೀಸಿನ ಆಪರೇಟರು. ಚನ್ನಪಟ್ಟಣದಿಂದ ಲತಾಮಣಿಯ ಅಪ್ಪ ಗಂಗಹನುಮಯ್ಯನೂ ಬಂದಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರಾದವರು. ಮಗಳಿಗೆ ಕಮಾನು ಹಿಡಿಯುವುದನ್ನು ಕಲಿಸಿದವರು ಅವರೇ.

ಸಿನಿಮಾ ಮುಗಿದು ಪಕ್ಕದ ಹೋಟೆಲಿನಲ್ಲಿ ಕಾಫಿಗೆ ಕೂತಾಗ ಲತಾಮಣಿ ಯಾರ ಮುಖವನ್ನೂ ನೋಡಲಾರದೆ ಲೋಟದೊಳಗೆ ನೋಡುತ್ತಿದ್ದಳು.

ಮೊದಲು ಬಾಯಿಬಿಟ್ಟವನು ಮಹೇಂದ್ರ. "ಬೇಜಾರ್ ಮಾಡ್ಕೋಬ್ಯಾಡ ಲತಾ. ಅರ್ಧ ಸಿನಿಮಾ ನಮ್ ಪ್ರೆಸ್ ಶಾಪ್ ಸದ್ದೇ. ಢಮ್ ಅಂತೈತೆ, ಕಿರ್ರ್ ಅಂತೈತೆ. ರಜಾ ದಿನಾನೂ ಡ್ಯೂಟಿ ಮಾಡ್ದಂಗಾಯ್ತು."

"ಸುಮ್ನಿರಪ್ಪ," ಎಂದಳು ಅಕ್ಬರಿ ಬೇಗಂ. "ನಂಗಂತೂ ಎದೆ ಢವಢವ ಅಂತಿತ್ತು. ಇಂಥ ಸಿನಿಮಾಕ್ಕೆ ಬರೋದೇ ಅದಕ್ಕಲ್ವಾ? ಆ ಕಹಳೆ ಊದ್ದಾಗ ಸೀಟಿಂದ ಎದ್ದೇ ಬುಟ್ಟೆ."

ಗಂಗಹನುಮಯ್ಯ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಕೆಟ್ಟದಾಗಿದೆ ಅನ್ನಲ್ಲಮ್ಮ. ಆದ್ರೆ ಅದರಲ್ಲಿ ರಾಗ ಎಲ್ಲಿದೆ? ಪಿಟೀಲನ್ನ ಕೆರೆಯೋದು, ಬಡಿಯೋದು ನಾನು ನಿಂಗೆ ಕಲಿಸಿರಲಿಲ್ಲ."

ಮಹೇಂದ್ರ ಹೇಳಿದ್ದಕ್ಕೆ ನಕ್ಕಿದ್ದ ಲತಾಮಣಿಗೆ ಈ ಮಾತು ಮಾತ್ರ ಚುರುಕ್ಕೆಂದಿತು.

ಕೆಂಚಮ್ಮ ಬೀಗರ ಕಡೆ ತಿರುಗಿದಳು. "ರಾಗ ಗೀಗ ನಂಗೊತ್ತಾಗಾಕಿಲ್ಲ ಬೀಗ್ರೇ. ಆದ್ರೆ ಒಂದು ಜಾಗ ಐತೆ ನೋಡಿ. ಆ ಹೆಣ್ಣು ಕತ್ಲಲ್ಲಿ ಮೆಟ್ಲು ಹತ್ಕಂಡು ಹೋಯ್ತಳಲ್ಲ, ಅಲ್ಲಿ ಎಂಥದೂ ಬಾರ್ಸಿಲ್ಲ. ಅಲ್ಲೇ ನನ್ ಜೀವ ಬಾಯಿಗೆ ಬಂದದ್ದು. ಬೂವಮ್ಮನ ಕೈ ಹಿಡ್ಕಂಬುಟ್ಟೆ. ಬಾರ್ಸದಿದ್ರೇ ವಾಸಿ ಅಂತ ಕಾಣ್ತದೆ."

ಅಷ್ಟು ಹೊತ್ತು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವರೆಲ್ಲ ಇದೊಂದಕ್ಕೆ ತಲೆದೂಗಿದರು. ಹೌದು, ಮೆಟ್ಟಿಲಿನ ಸೀನೇ ಸೀನು. ಸಂಗೀತವೇ ಇಲ್ಲದ ಸೀನು.

ಲತಾಮಣಿ ತಲೆಯೆತ್ತಿದಳು. "ಅತ್ತೆ, ಅಲ್ಲಿ ನಾವು ನುಡಿಸ್ತಾ ಇದ್ವಿ."

"ಎಲ್ಲಿ?"

"ಆ ಮೆಟ್ಟಿಲಲ್ಲೇ. ಪಿಟೀಲಿನೋರು ಎಲ್ಲರೂ ಒಂದೇ ಸ್ವರ ಹಿಡಿದಿದ್ವಿ. ಕಮಾನು ಆಡ್ತೈತೋ ಇಲ್ವೋ ಅನ್ನೋ ಹಂಗೆ. ಕೇಳಿಸಬಾರದು, ಆದ್ರೆ ಇರಬೇಕು ಅಂತ ಮ್ಯೂಸಿಕ್ ಡೈರೆಕ್ಟ್ರು ನಮ್ಮ ಕೈಲಿ ಎಷ್ಟು ಸಲ ನುಡಿಸಿದ್ರು ಗೊತ್ತಾ? ತೋಳು ಬಿದ್ದು ಹೋಗಿತ್ತು."

"ಅಯ್ಯೋ, ನನ್ ಕಿವಿ ನೆಟ್ಟಗೈತೆ ಕಣವ್ವ. ಅಲ್ಲೇನೂ ಇರ್ನಿಲ್ಲ," ಎಂದಳು ಕೆಂಚಮ್ಮ. ಮಹೇಂದ್ರನೂ ಇರಲಿಲ್ಲ ಎಂದ. ಸ್ವರಕ್ಕೆ ಕಿವಿ ಪಳಗಿದ ಗಂಗಹನುಮಯ್ಯನೂ ಹುಬ್ಬು ಗಂಟಿಕ್ಕಿ, "ನಂಗೂ ಕೇಳಿಸಲಿಲ್ಲವಲ್ಲೇ," ಎಂದರು.

ಅಷ್ಟರಲ್ಲಿ ಮಕ್ಬೂಲ್ ಟೀ ಕುಡಿಯಲು ಬಂದ. ಶುಕ್ರವಾರದಿಂದ ದಿನಕ್ಕೆ ನಾಲ್ಕು ಆಟ ಅದೇ ಸಿನಿಮಾ ಓಡಿಸುತ್ತಿದ್ದವನನ್ನೇ ಎಲ್ಲರೂ ಕೇಳಿದರು. ಅವನು ಗಡ್ಡ ಕೆರೆದುಕೊಂಡ. "ಮಿಷಿನ್ ಪಕ್ಕದಲ್ಲಿ ಇರೋನಿಗೆ ಏನ್ ಕೇಳಿಸ್ತದೆ? ಒಂದ್ ಕೆಲಸ ಮಾಡಾಣ. ಬುಧವಾರ ಮ್ಯಾಟಿನಿಗೆ ಬನ್ನಿ, ಜನ ಕಮ್ಮಿ ಇರ್ತಾರೆ. ಆ ಸೀನಲ್ಲಿ ಒಸಿ ಹೊತ್ತು ಸೌಂಡ್ ಪೂರಾ ಇಳಿಸ್ಬುಡ್ತೀನಿ. ಅಲ್ಲಿ ಏನೂ ಇಲ್ದಿದ್ರೆ ವ್ಯತ್ಯಾಸನೇ ಗೊತ್ತಾಗಾಕಿಲ್ಲ. ಓನರ್‌ಗೆ ಮಾತ್ರ ಹೇಳ್ಬ್ಯಾಡಿ."

ಬುಧವಾರ ಮಹೇಂದ್ರನಿಗೆ ನೈಟ್ ಶಿಫ್ಟು, ಹಗಲು ಬಿಡುವಿತ್ತು. ಊರಿಗೆ ವಾಪಸ್ಸು ಹೋಗಬೇಕಿದ್ದ ಗಂಗಹನುಮಯ್ಯನೂ ಇದಕ್ಕಾಗಿಯೇ ಉಳಿದರು. ಐವರೂ ಒಂದೇ ಸಾಲಿನಲ್ಲಿ ಕೂತರು.

ಮೆಟ್ಟಿಲಿನ ಸೀನು ಬಂತು. ನಾಯಕಿ ದೀಪ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಟಾಕೀಸಿನಲ್ಲಿ ಉಸಿರಾಡುವ ಸದ್ದಿಲ್ಲ. ಕೆಂಚಮ್ಮನ ಕೈ ಆಗಲೇ ಅಕ್ಬರಿ ಬೇಗಂಳ ಮಣಿಕಟ್ಟಿಗೆ ಹೋಗಿತ್ತು. ಅರ್ಧದಷ್ಟು ಮೆಟ್ಟಿಲು ಹತ್ತಿರಬೇಕು, ಮಕ್ಬೂಲ್ ಸೌಂಡ್ ಇಳಿಸಿದ.

ಮೊದಲಿಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಹಿಂದೆ ಯಾರೋ ಕೆಮ್ಮಿದರು. ಕುರ್ಚಿಗಳು ಕಿರುಗುಟ್ಟಿದವು. "ಲೇ, ಕಳ್ಳೇಕಾಯಿ ಮುಗಿಸ್ಬುಟ್ಯೇನ್ಲಾ?" ಎಂಬ ಮಾತು ಎಲ್ಲರಿಗೂ ಕೇಳಿಸಿ ನಾಲ್ಕೈದು ಜನ ನಕ್ಕರು. ಪರದೆಯ ಮೇಲೆ ಹುಡುಗಿ ಇನ್ನೂ ಹತ್ತುತ್ತಲೇ ಇದ್ದಳು, ನೀರು ತರಲು ಹೊರಟವಳ ಹಾಗೆ. ಕೆಂಚಮ್ಮ ಕೈ ಸಡಿಲಿಸಿ ಅಕ್ಬರಿ ಬೇಗಂ ಕಡೆ ಬಾಗಿ, "ಬೂವಮ್ಮ, ಬರೋವಾಗ ಗ್ಯಾಸ್ ಆರಿಸ್ದ್ನೇನೇ ನಾನು?" ಎಂದಳು.

ಮಕ್ಬೂಲ್ ಸೌಂಡ್ ಏರಿಸಿದ. ಕೆಮ್ಮು, ನಗು, ಕಳ್ಳೇಕಾಯಿ ಎಲ್ಲ ತಟ್ಟನೆ ನಿಂತುಹೋಯಿತು. ಕೆಂಚಮ್ಮ ಮಾತು ಅಲ್ಲಿಗೇ ಬಿಟ್ಟು ಅಕ್ಬರಿ ಬೇಗಂಳ ಕೈ ಗಪ್ಪನೆ ಹಿಡಿದಳು. ಈ ಸಲ ಅವಳ ಕಿವಿಗೂ ಅದು ಬಿತ್ತು. ಎಲ್ಲೋ ದೂರದ ಕೋಣೆಯಲ್ಲಿ ಸೊಳ್ಳೆ ಗುಂಯ್‌ಗುಟ್ಟಿದಂಥ ಎಳೆ. "ಅಯ್ ಶಿವನೇ, ಐತೆ ಕಣೇ," ಎಂದಳು. ಲತಾಮಣಿಗೆ ಕತ್ತಲಲ್ಲೇ ನಗು ತಡೆಯಲಾಗಲಿಲ್ಲ.

ಹೊರಗೆ ಬಂದ ಮೇಲೆ ಎಲ್ಲರೂ ಒಂದೇ ಮಾತಿಗೆ ಬಂದರೆನ್ನುವ ಹಾಗೂ ಇರಲಿಲ್ಲ.

"ಮಕ್ಬೂಲ್ ಹೆಜ್ಜೆ ಸದ್ದೂ ಇಳಿಸ್ಬುಟ್ಟ. ಜನ ಮಾತಾಡಿದ್ದು ಅದಕ್ಕೂ ಇರಬಹ್ದು," ಎಂದು ಮಹೇಂದ್ರ ತಕರಾರು ತೆಗೆದ. ಅಕ್ಬರಿ ಬೇಗಂಗೆ ಕಹಳೆಯೇ ಮೇಲು, ಸೊಳ್ಳೆಯ ಸದ್ದು ಮನೆಯಲ್ಲೇ ಬೇಕಾದಷ್ಟಿದೆ. ಕೆಂಚಮ್ಮನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. "ನನ್ನ ಹೆದರಿಸಿದ್ದು ನನ್ ಸೊಸೇನೇ!" ಎಂದು ಹೋಟೆಲಿನ ಕ್ಯಾಷಿಯರಿಗೂ ಹೇಳಿದಳು.

ಗಂಗಹನುಮಯ್ಯ ಚೀಲ ಹೆಗಲಿಗೇರಿಸಿ ಊರಿಗೆ ಹೊರಟರು. ಲತಾಮಣಿ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಜೊತೆಯಲ್ಲಿ ನಡೆದಳು. ಅರ್ಧ ದಾರಿ ಕಳೆದ ಮೇಲೆ ಅವರು ತಾವಾಗಿಯೇ ಶುರು ಮಾಡಿದರು.

"ಕಛೇರಿಯಲ್ಲಿ ತಂಬೂರಿ ಕಡೆ ಯಾರ ಗಮನವೂ ಇರಲ್ಲ. ನಡುವೆ ನಿಲ್ಲಿಸಿಬಿಟ್ಟರೆ ಮಾತ್ರ ಎಲ್ಲ ಬರಿದು ಬರಿದು ಅನ್ನಿಸ್ತದೆ. ಇವತ್ತು ಹಂಗಾಯ್ತು ನೋಡು." ಮಗಳ ಕಡೆ ತಿರುಗಿ ಕೇಳಿದರು. "ಯಾವ ಸ್ವರ ಅದು?"

"ಮೇಲಿನ ನಿಷಾದ ಅಪ್ಪ."

"ಕಾಕಲಿ ನಿಷಾದವಾ?"

"ಹೂಂ."

"ಪಕ್ಕದಲ್ಲೇ ಷಡ್ಜ ಇದೆಯಲ್ಲೇ! ಅಲ್ಲಿಗೆ ಹೋಗಿ ಕೂತಿದ್ರೆ ಎಲ್ಲರಿಗೂ ನೆಮ್ಮದಿ ಆಗ್ತಿತ್ತು."

"ಡೈರೆಕ್ಟ್ರು ಬಿಡಲಿಲ್ಲ. ಕೊನೇವರೆಗೂ ಹೊಸ್ತಿಲಲ್ಲೇ ನಿಲ್ಲಿಸಿದ್ರು."

ಗಂಗಹನುಮಯ್ಯ ರಸ್ತೆಯಲ್ಲೇ ನಿಂತು ನಕ್ಕುಬಿಟ್ಟರು. "ಅದಕ್ಕೇ ನಂಗೆ ಭಾನುವಾರದಿಂದ ಒಳಗೊಳಗೇ ಏನೋ ಬಾಕಿ ಉಳಿದಂಗಿತ್ತು. ಕಳ್ಳರು ನೀವೆಲ್ಲ," ಎಂದರು. ಮಗಳ ಬೆನ್ನ ಮೇಲೆ ಕೈಯಿಟ್ಟು, "ಅಷ್ಟು ಹೊತ್ತು ಅಲ್ಲಾಡದೆ ಹಿಡಿಯೋದು ಸುಲಭ ಅಲ್ಲ," ಎಂದರು.

ಚನ್ನಪಟ್ಟಣದ ಬಸ್ಸು ಸಿದ್ಧವಾಗಿತ್ತು. ಅಪ್ಪ ಕಿಟಕಿ ಪಕ್ಕ ಕೂತು, ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಆ ನಿಷಾದವನ್ನು ಗುನುಗುತ್ತ ಹಿಡಿದು ಮೆಲ್ಲಗೆ ಷಡ್ಜಕ್ಕೆ ಹೋಗಿ ನಿಂತದ್ದು ಅವಳಿಗೆ ಕೇಳಿಸಿತು. ಬಸ್ಸು ಹೊರಟಿತು. ಲತಾಮಣಿ ಬೇಗ ಬೇಗ ವಾಪಸ್ಸು ನಡೆದಳು. ಹೋಟೆಲಿನ ಮುಂದೆ ಅತ್ತೆ ಮತ್ತು ಅಕ್ಬರಿ ಬೇಗಂ ಇನ್ನೂ ಕೈ ಬೀಸಿಕೊಂಡು ವಾದಿಸುತ್ತಿದ್ದರು. ಆ ಮಾತು ಕೇಳಲು ಅವಳಿಗೆ ಆಸೆಯಾಗಿತ್ತು.